ಮೊಬೈಲ್ ಜಾಲದ ನಡುವೆ ನಿಂತ ದುಭಾಷಿ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



"ಮುಂದಿನ ಪೀಳಿಗೆಯ ಮೊಬೈಲ್ ಜಾಲಗಳು ಮತ್ತು ಅವುಗಳ ಸೇವಾ ವೇದಿಕೆ" ಎಂಬ ವಿಷಯವನ್ನು ಕಾರ್ಯದರ್ಶಿಗಳು ನನಗೆ ಕೊಟ್ಟಾಗ ನಾನು ಹಿಂಜರಿದೆ. ನಾನು ಎಂಜಿನಿಯರ್ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಶಾಲಾ ಶಿಕ್ಷಕ. ಆದರೂ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಒಂದು ಕಾರಣವಿದೆ. ಅದನ್ನು ಮೊದಲು ನಿಮಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಅರ್ಜಿಯಲ್ಲಿ ಅವಳ ತಂದೆಯ ಮೊಬೈಲ್ ಸಂಖ್ಯೆ ಕೊಟ್ಟಿದ್ದರು. ತಂದೆ ಗಾರೆ ಕೆಲಸದವರು. ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದರು, ಅಲ್ಲಿ ಬೇರೆ ಸಿಮ್ ತೆಗೆದುಕೊಂಡರು. ಹಳೆಯ ಸಿಮ್ಮಿಗೆ ರಿಚಾರ್ಜ್ ಆಗಲಿಲ್ಲ. ಕೆಲವು ತಿಂಗಳಲ್ಲಿ ಸಂಖ್ಯೆ ರದ್ದಾಯಿತು, ಆಮೇಲೆ ಇನ್ನೊಬ್ಬರ ಪಾಲಾಯಿತು. ಮರು ವರ್ಷ ಅರ್ಜಿ ನವೀಕರಣಕ್ಕೆ ಕುಳಿತೆವು. ಒಟಿಪಿ ಹೋದದ್ದು ಹಳೆಯ ಸಂಖ್ಯೆಗೆ. ಸಂಖ್ಯೆ ಬದಲಾಯಿಸೋಣ ಎಂದರೆ, ಅದಕ್ಕೂ ಹಳೆಯ ಸಂಖ್ಯೆಗೆ ಬಂದ ಒಟಿಪಿಯನ್ನೇ ಹೇಳಬೇಕಂತೆ!

ಕೊನೆಗೆ ನಾನೇ ಆ ಸಂಖ್ಯೆಗೆ ಕರೆ ಮಾಡಿದೆ. ಯಾವುದೋ ಜಿಲ್ಲೆಯ ಒಬ್ಬ ಅಪರಿಚಿತರು ಎತ್ತಿದರು. ಎಲ್ಲವನ್ನೂ ವಿವರಿಸಿ, "ದಯವಿಟ್ಟು ಆ ಆರು ಅಂಕಿ ಹೇಳಿ" ಎಂದು ಕೇಳಿದೆ. ಅವರು ಮರ್ಯಾದೆಯಿಂದಲೇ, "ಒಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ಹೇಳಿದ್ದಾರೆ ಸಾರ್" ಎಂದು ಫೋನ್ ಇಟ್ಟರು. ಅವರು ಮಾಡಿದ್ದು ಸರಿ. ನಾನೂ ನಿಮಗೆ ಅದನ್ನೇ ಕಲಿಸುತ್ತೇನೆ. ಆದರೆ ಕೊನೆಯ ದಿನಾಂಕ ಮುಗಿಯಿತು. ಆ ಹುಡುಗಿಗೆ ಆ ವರ್ಷದ ಹಣ ಬರಲಿಲ್ಲ. ಅವಳ ತಾಯಿ ನನ್ನನ್ನು ಕೇಳಿದರು: "ಮಾಸ್ಟರ್ ಸಾಬ್, ಹುಡುಗಿ ನಿಮ್ಮ ಮುಂದೆ ಕೂತಿದ್ದಾಳೆ, ನಾನೂ ಇದ್ದೇನೆ. ಆ ಮೊಬೈಲಿಗೆ ಮಾತ್ರ ನಾವು ಯಾಕೆ ಕಾಣಿಸೋದಿಲ್ಲ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ವಿಷಯವೇ ಇಂದಿನದು. ತಪ್ಪು ಟವರಿನದಲ್ಲ, ಸಿಗ್ನಲ್ ಚೆನ್ನಾಗಿತ್ತು. ತಪ್ಪು ಕಂಪ್ಯೂಟರಿನದಲ್ಲ, ಅದು ಹೇಳಿದಂತೆ ಮಾಡಿತು. ಅವೆರಡರ ನಡುವೆ ಒಂದು ಜಾಗವಿದೆ. ಅಲ್ಲಿ ಕುಳಿತು ಯಾರೋ ಒಂದು ತೀರ್ಮಾನ ಮಾಡಿದ್ದರು: "ಸಂಖ್ಯೆ ಅಂದರೆ ಮನುಷ್ಯ" ಎಂದು. ಆ ನಡುವಿನ ಜಾಗದ ಬಗ್ಗೆ ಮಾತನಾಡೋಣ.

ನಡುವಿನ ಜಾಗ ಎಂದರೇನು?

ಮೊಬೈಲ್ ಎಂದ ಕೂಡಲೇ ನಿಮಗೆ ಎರಡು ವಸ್ತು ನೆನಪಾಗುತ್ತವೆ. ಕೈಯಲ್ಲಿರುವ ಫೋನು ಮತ್ತು ಊರಿನ ಟವರು. ಟವರಿನ ಹಿಂದೆ ಕೇಂದ್ರ ಜಾಲವಿದೆ. ನೀವು ಯಾರು, ಎಲ್ಲಿದ್ದೀರಿ, ನಿಮ್ಮ ಖಾತೆಯಲ್ಲಿ ಎಷ್ಟು ಉಳಿದಿದೆ ಎಂಬುದೆಲ್ಲ ಅದಕ್ಕೆ ಗೊತ್ತು. ಇನ್ನೊಂದು ಕಡೆ ನೀವು ಬಳಸುವ ಸೇವೆಗಳಿವೆ: ಹಣ ಕಳಿಸುವುದು, ಪರೀಕ್ಷಾ ಫಲಿತಾಂಶ ನೋಡುವುದು, ಬಸ್ಸಿನ ಟಿಕೆಟ್ ತೆಗೆಯುವುದು. ಜಾಲದ ಭಾಷೆ ಬೇರೆ, ಸೇವೆಯ ಭಾಷೆ ಬೇರೆ. ಇಬ್ಬರಿಗೂ ಅರ್ಥವಾಗುವಂತೆ ಮಾತು ದಾಟಿಸುವ ತಂತ್ರಾಂಶಕ್ಕೆ 'ಮಿಡಲ್‌ವೇರ್' ಎನ್ನುತ್ತಾರೆ, ಅಂದರೆ ನಡುವಿನ ತಂತ್ರಾಂಶ. ಅದರ ಮೇಲೆ ಹಲವು ಸೇವೆಗಳನ್ನು ಕಟ್ಟಲು ಅನುಕೂಲವಾಗುವಂತೆ ಒಂದು ಕಡೆ ಜೋಡಿಸಿಟ್ಟರೆ ಅದೇ 'ಸೇವಾ ವೇದಿಕೆ'.

ನಮ್ಮ ಶಾಲೆಯ ಪಾಲಕರ ಸಭೆಯನ್ನು ನೀವು ನೋಡಿದ್ದೀರಿ. ತಾಯಂದಿರು ದಖನಿಯಲ್ಲಿ ಮಾತನಾಡುತ್ತಾರೆ. ಮೇಲಿನಿಂದ ಬಂದ ಅಧಿಕಾರಿಗಳು ಕನ್ನಡದಲ್ಲಿ ಕೇಳುತ್ತಾರೆ. ನಡುವೆ ನಾನು ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುತ್ತೇನೆ. ನಾನು ಚೆನ್ನಾಗಿ ಹೇಳಿದರೆ ಕೆಲಸವಾಗುತ್ತದೆ. ಒಂದು ಮಾತು ನುಂಗಿಬಿಟ್ಟರೆ ಆ ತಾಯಿಯ ಮಾತು ಅಲ್ಲಿಗೇ ಮುಗಿಯಿತು. ಅಧಿಕಾರಿಗೆ ಅದು ಗೊತ್ತೂ ಆಗುವುದಿಲ್ಲ. ದುಭಾಷಿಯ ಶಕ್ತಿಯೂ ಅದೇ, ಅಪಾಯವೂ ಅದೇ. ಮಿಡಲ್‌ವೇರ್ ಎಂದರೆ ಮೊಬೈಲ್ ಜಾಲದ ದುಭಾಷಿ ಎಂದು ತಿಳಿಯಿರಿ.

ಪ್ರತಿ ಅಡುಗೆಗೂ ಬೇರೆ ಒಲೆ

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ಮೊಬೈಲ್ ಎಂದರೆ ಮಾತು, ಹೆಚ್ಚೆಂದರೆ ಎಸ್‌ಎಂಎಸ್. ಎಸ್‌ಎಂಎಸ್ ಕೂಡ ಆಗ ಎಳೆಗೂಸು. ಜಗತ್ತಿನ ಮೊದಲ ಸಂದೇಶ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ.

ಆಗ ಹೊಸ ಸೇವೆಯೊಂದನ್ನು ತರಬೇಕಾದರೆ ಮೊಬೈಲ್ ಕಂಪನಿಯೇ ಅದಕ್ಕೊಂದು ಪ್ರತ್ಯೇಕ ಯಂತ್ರವನ್ನು ತನ್ನ ಜಾಲದೊಳಗೆ ಕೂರಿಸಬೇಕಿತ್ತು. ಸಂದೇಶಕ್ಕೆ ಒಂದು, ಧ್ವನಿ ಅಂಚೆಗೆ ಒಂದು, ಪ್ರೀಪೇಯ್ಡ್ ಲೆಕ್ಕಕ್ಕೆ ಇನ್ನೊಂದು. ಪ್ರತಿ ಅಡುಗೆಗೂ ಬೇರೆ ಒಲೆ ಹೂಡಿದ ಹಾಗೆ. ಖರ್ಚು ಹೆಚ್ಚು, ಸಮಯವೂ ಹೆಚ್ಚು. ಹೊರಗಿನವರಿಗೆ ಅಡುಗೆಮನೆಯೊಳಗೆ ಪ್ರವೇಶವೇ ಇಲ್ಲ.

ನಿಮ್ಮ ಅಣ್ಣಂದಿರ ಫೋನಿಗೆ ಕರೆ ಮಾಡಿದರೆ ಹಾಡು ಕೇಳಿಸುತ್ತಿತ್ತಲ್ಲ, ಕಾಲರ್ ಟ್ಯೂನ್? ಅದೂ ಇಂತಹದೇ ಒಂದು ಸೇವಾ ವೇದಿಕೆಯ ಕೆಲಸ. ಹಾಡು ನಿಮ್ಮ ಅಣ್ಣನ ಫೋನಿನಲ್ಲಿ ಇರಲಿಲ್ಲ, ಜಾಲದ ನಡುವಿನ ಯಂತ್ರದಲ್ಲಿತ್ತು. ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಶುರುವಾದ ಈ ಸೇವೆ ಬೇಗನೆ ನಮ್ಮಲ್ಲಿಗೂ ಬಂತು. ಇದರ ತಂತ್ರಾಂಶದಲ್ಲಿ ಹೆಸರು ಮಾಡಿದ ಆನ್‌ಮೊಬೈಲ್ ಎಂಬ ಕಂಪನಿ ನಮ್ಮ ಬೆಂಗಳೂರಿನದು. 2000ದಲ್ಲಿ ಇನ್ಫೋಸಿಸ್‌ನ ಆಶ್ರಯದಲ್ಲಿ ಹುಟ್ಟಿದ್ದು. ನಡುವಿನ ಜಾಗದ ಕೆಲಸ ನಮಗೆ ದೂರದ್ದಲ್ಲ ಎಂದು ತೋರಿಸಲು ಇದನ್ನು ಹೇಳಿದೆ.

ಜಪಾನಿನ ಪಾಠ

ಹೊರಗಿನವರಿಗೆ ಬಾಗಿಲು ತೆರೆದರೆ ಏನಾಗುತ್ತದೆ ಎಂದು ಮೊದಲು ತೋರಿಸಿದ ದೇಶ ಜಪಾನ್. 1999ರ ಫೆಬ್ರವರಿ 22ರಂದು ಎನ್‌ಟಿಟಿ ಡೊಕೊಮೊ ಎಂಬ ಕಂಪನಿ 'ಐ-ಮೋಡ್' ಎಂಬ ಸೇವೆಯನ್ನು ಆರಂಭಿಸಿತು. ಸಾಧಾರಣ ಫೋನಿನಲ್ಲೇ ಸುದ್ದಿ, ರೈಲಿನ ವೇಳೆ, ಬ್ಯಾಂಕ್ ವ್ಯವಹಾರ, ಇ-ಮೇಲ್ ಎಲ್ಲವೂ ಬಂದವು. ಅದರ ಗುಟ್ಟು ಎರಡು. ಒಂದು, ಅಂತರ್ಜಾಲದ ಪುಟ ಬರೆಯುವವರಿಗೆ ಗೊತ್ತಿದ್ದ ಭಾಷೆಯನ್ನೇ ಸ್ವಲ್ಪ ಚಿಕ್ಕದು ಮಾಡಿ ಬಳಸಿದರು. ಹೊಸ ಭಾಷೆ ಕಲಿಯುವ ಕಷ್ಟ ಯಾರಿಗೂ ಬರಲಿಲ್ಲ. ಎರಡು, ಅಧಿಕೃತ ಪಟ್ಟಿಯಲ್ಲಿದ್ದ ಸೇವೆಗಳ ಹಣವನ್ನು ಕಂಪನಿಯೇ ತಿಂಗಳ ಫೋನ್ ಬಿಲ್ಲಿನಲ್ಲಿ ವಸೂಲಿ ಮಾಡಿ, ಶೇ. 9ರಷ್ಟು ಮಾತ್ರ ತಾನಿಟ್ಟುಕೊಂಡು ಉಳಿದದ್ದನ್ನು ಸೇವೆ ಕೊಟ್ಟವರಿಗೆ ಕೊಡುತ್ತಿತ್ತು. ಪುಟ್ಟ ಕಂಪನಿಗಳೂ ಧೈರ್ಯದಿಂದ ಮುಂದೆ ಬಂದವು.

ಆದರೆ ಬಾಗಿಲಿನ ಬೀಗ ಒಬ್ಬರ ಕೈಯಲ್ಲೇ ಉಳಿದಿತ್ತು. ಜಪಾನಿನ ಹೊರಗೆ ಅದು ಬೇರು ಬಿಡಲಿಲ್ಲ. ಸ್ಮಾರ್ಟ್‌ಫೋನ್ ಬಂದ ಮೇಲೆ ಜನ ಅತ್ತ ಹೋದರು. 2026ರ ಮಾರ್ಚ್ 31ಕ್ಕೆ ಐ-ಮೋಡ್ ನಿಲ್ಲಿಸುವುದಾಗಿ ಕಂಪನಿ 2019ರಲ್ಲೇ ಪ್ರಕಟಿಸಿತು. ನಡುವಿನ ವೇದಿಕೆ ಎಷ್ಟೇ ಚೆನ್ನಾಗಿದ್ದರೂ ಒಂದೇ ಮನೆಯ ಸೊತ್ತಾಗಿದ್ದರೆ ಅದು ಆ ಮನೆಯ ಜೊತೆಗೇ ಮುಗಿಯುತ್ತದೆ. ಇದು ಜಪಾನಿನ ಪಾಠ.

ಎಲ್ಲರಿಗೂ ಒಂದೇ ನಮೂನೆ

ಹಾಗಾದರೆ ಎಲ್ಲ ಕಂಪನಿಗಳಿಗೂ ಹೊಂದುವ ದುಭಾಷಿಯನ್ನು ಮಾಡಬಹುದೇ? ಈ ಯೋಚನೆಯಿಂದ 1998ರಲ್ಲಿ 'ಪಾರ್ಲೇ' ಎಂಬ ಒಕ್ಕೂಟ ಹುಟ್ಟಿತು. ನಗಬೇಡಿ, ಇದು ಬಿಸ್ಕತ್ತಿನ ಕಂಪನಿಯಲ್ಲ! ಕರೆ ಜೋಡಿಸು, ಸಂದೇಶ ಕಳಿಸು, ಫೋನು ಎಲ್ಲಿದೆ ಹೇಳು, ಇಷ್ಟು ಹಣ ಹಿಡಿ ಎಂಬ ಕೋರಿಕೆಗಳಿಗೆ ಒಂದೇ ಬಗೆಯ ನಮೂನೆಗಳನ್ನು ಅವರು ರೂಪಿಸಿದರು. ಬ್ಯಾಂಕಿನಲ್ಲಿ ಚಲನ್ ತುಂಬುತ್ತೀರಲ್ಲ, ಹಾಗೆ. ನಿಗದಿತ ಜಾಗದಲ್ಲಿ ನಿಗದಿತ ವಿಷಯ ಬರೆದರೆ ನಿಗದಿತ ಉತ್ತರ. ಒಳಗಿನ ಲೆಕ್ಕದ ಪುಸ್ತಕ ಹೇಗಿದೆ ಎಂದು ನೀವು ತಿಳಿಯಬೇಕಿಲ್ಲ. ಇಂತಹ ನಮೂನೆಗೆ ತಂತ್ರಜ್ಞರು 'ಎಪಿಐ' ಎನ್ನುತ್ತಾರೆ. ಈ ಪದವನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಅದೇ 1998ರ ಡಿಸೆಂಬರಿನಲ್ಲಿ ಮೊಬೈಲ್ ಜಾಲಗಳ ನಿಯಮ ರೂಪಿಸಲು 3ಜಿಪಿಪಿ ಎಂಬ ಅಂತರರಾಷ್ಟ್ರೀಯ ಕೂಟ ಆರಂಭವಾಯಿತು. ಅದು 2002ರ ತನ್ನ ಐದನೆಯ ಬಿಡುಗಡೆಯಲ್ಲಿ ಐಎಂಎಸ್ ಎಂಬ ಏರ್ಪಾಟನ್ನು ಸೇರಿಸಿತು. ಇದನ್ನು ಮೂರು ಅಂತಸ್ತಿನ ಮನೆ ಎಂದು ಭಾವಿಸಿ. ಕೆಳಗಿನ ಅಂತಸ್ತು ಮಾತನ್ನೂ ಚಿತ್ರವನ್ನೂ ಹೊತ್ತು ಸಾಗಿಸುತ್ತದೆ. ನಡುವಿನ ಅಂತಸ್ತು ನೀವು ಯಾರೆಂದು ಗುರುತಿಸಿ ಎಲ್ಲಿಗೆ ಕಳಿಸಬೇಕೆಂದು ಹೇಳುತ್ತದೆ. ಮೇಲಿನ ಅಂತಸ್ತಿನಲ್ಲಿ ಸೇವೆಗಳು. ಮೇಲೆ ಒಂದು ಹೊಸ ಕೋಣೆ ಕಟ್ಟಲು ಕೆಳಗಿನ ಪಾಯ ಅಗೆಯಬೇಕಿಲ್ಲ.

ಇದು ಹಲವು ವರ್ಷ ಪುಸ್ತಕದಲ್ಲೇ ಇದ್ದಂತಿತ್ತು. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರ್ 5ರಂದು ಜಿಯೋ ಆರಂಭವಾದಾಗ ಅದಕ್ಕೆ 2ಜಿ, 3ಜಿ ಜಾಲವೇ ಇರಲಿಲ್ಲ. ಇದ್ದದ್ದು 4ಜಿ ಮಾತ್ರ. ಮಾತಿನ ಕರೆಯೂ ಅದರಲ್ಲೇ ಹೋಗಬೇಕು. ಅದಕ್ಕೆ 'ವೋಲ್ಟಿ' ಎಂದು ಹೆಸರು. ವೋಲ್ಟಿ ನಿಂತಿರುವುದು ಇದೇ ಐಎಂಎಸ್ ಮೇಲೆ. ಇಂದು ನೀವು ಅಜ್ಜಿಗೆ ಕರೆ ಮಾಡಿದಾಗ ಫೋನಿನ ಮೇಲ್ಭಾಗದಲ್ಲಿ ಆ ಪುಟ್ಟ ಅಕ್ಷರಗಳು ಕಂಡರೆ, 2002ರಲ್ಲಿ ಬರೆದ ಆ ನಡುವಿನ ಅಂತಸ್ತು ನಿಮಗಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ದರ್ಜೆ, ದರಾಜಾ, ದರ್ಜಾ

ಈಗ ಆಫ್ರಿಕಾಕ್ಕೆ ಹೋಗೋಣ. ಕಾರಣ, ಬಡವರಿಗೆ ಈ ನಡುವಿನ ಜಾಗ ಏನು ಮಾಡಬಲ್ಲದು ಎಂದು ತೋರಿಸಿದ ದೇಶ ಕೀನ್ಯಾ. ಅಲ್ಲಿ ಸಫಾರಿಕಾಂ ಕಂಪನಿ 2007ರ ಮಾರ್ಚ್‌ನಲ್ಲಿ 'ಎಂ-ಪೆಸಾ' ಆರಂಭಿಸಿತು. 'ಪೆಸಾ' ಎಂದರೆ ಅವರ ಸ್ವಾಹಿಲಿ ಭಾಷೆಯಲ್ಲಿ ಹಣ, ನಮ್ಮ ಪೈಸೆಯ ನಂಟ. ಬ್ಯಾಂಕ್ ಖಾತೆ ಬೇಡ, ಅಂತರ್ಜಾಲ ಬೇಡ. ಸಿಮ್ಮಿನೊಳಗೇ ಇರುವ ಪಟ್ಟಿಯನ್ನು ತೆರೆದು ಅಂಕಿ ಒತ್ತಿದರೆ ನಗರದಲ್ಲಿ ದುಡಿಯುವ ಮಗನ ಹಣ ಹಳ್ಳಿಯ ತಾಯಿಗೆ ತಲುಪುತ್ತದೆ. ಪಕ್ಕದ ಅಂಗಡಿಯವರು ನಗದು ಕೊಡುತ್ತಾರೆ.

ಹತ್ತು ವರ್ಷದ ಮೇಲೆ, 2017ರಲ್ಲಿ, ಆ ಕಂಪನಿ ಹೊರಗಿನ ತಂತ್ರಜ್ಞರಿಗಾಗಿ ತನ್ನ ಎಪಿಐಗಳನ್ನು ತೆರೆದಿಟ್ಟಿತು. ಅದಕ್ಕೆ ಇಟ್ಟ ಹೆಸರು 'ದರಾಜಾ'. ಸ್ವಾಹಿಲಿಯಲ್ಲಿ ದರಾಜಾ ಎಂದರೆ ಸೇತುವೆ. ನನ್ನ ಉರ್ದು ತರಗತಿಯ ಮಕ್ಕಳಿಗೆ ಇದು ಕೇಳಿದ ಪದದಂತೆ ಅನ್ನಿಸಬೇಕು. ಅರಬಿಯ 'ದರಜಾ' ಎಂದರೆ ಮೆಟ್ಟಿಲು. ಅದು ಉರ್ದುವಿನಲ್ಲಿ 'ದರ್ಜಾ' ಆಗಿ ತರಗತಿ, ಅಂತಸ್ತು ಎಂಬ ಅರ್ಥ ಪಡೆಯಿತು. ಕನ್ನಡದಲ್ಲಿ 'ದರ್ಜೆ' ಆಯಿತು. ಪ್ರಥಮ ದರ್ಜೆಯಲ್ಲಿ ಪಾಸಾಗಿರಿ ಎನ್ನುತ್ತೇವಲ್ಲ, ಅದೇ ದರ್ಜೆ. ಒಂದೇ ಪದ ಒಂದು ಕಡೆ ಮೇಲು ಕೆಳಗು ಎಂದು ಬೇರೆ ಮಾಡುತ್ತದೆ, ಇನ್ನೊಂದು ಕಡೆ ಎರಡು ದಡ ಸೇರಿಸುತ್ತದೆ. ನಡುವಿನ ತಂತ್ರಾಂಶವೂ ಹಾಗೆಯೇ. ಅದು ಮೆಟ್ಟಿಲಾಗಿ ಕೆಲವರನ್ನು ಕೆಳಗೇ ಬಿಡಬಹುದು, ಸೇತುವೆಯಾಗಿ ಎಲ್ಲರನ್ನೂ ದಾಟಿಸಬಹುದು.

ನಮ್ಮ ದೇಶದಲ್ಲೂ ಇಂತಹ ಸೇತುವೆಗಳಿವೆ. 2016ರ ಏಪ್ರಿಲ್‌ನಲ್ಲಿ ಬಂದ ಯುಪಿಐ ನಡುವಿನ ವೇದಿಕೆಯೇ. ಕೆಳಗೆ ಬ್ಯಾಂಕುಗಳು, ಮೇಲೆ ನೀವು ಬಳಸುವ ಆ್ಯಪ್‌ಗಳು. ನಿಮ್ಮ ಬ್ಯಾಂಕ್ ಯಾವುದು, ಅಂಗಡಿಯವರ ಬ್ಯಾಂಕ್ ಯಾವುದು ಎಂಬ ಚಿಂತೆ ನಿಮಗಿಲ್ಲ. ಆ್ಯಪ್ ಮೊದಲ ಸಲ ತೆರೆದಾಗ ನಿಮ್ಮ ಸಿಮ್ಮಿನಿಂದ ತಾನಾಗಿಯೇ ಒಂದು ಸಂದೇಶ ಹೋಗುವುದನ್ನು ನೀವು ಗಮನಿಸಿರಬಹುದು. ಈ ಸಂಖ್ಯೆಯ ಸಿಮ್ ಇದೇ ಫೋನಿನಲ್ಲಿದೆ ಎಂದು ಖಚಿತಪಡಿಸಿಕೊಳ್ಳುವ ಬಗೆ ಅದು. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ *99# ಇದೆ. 2014ರಲ್ಲಿ ದೇಶದ ತುಂಬ ಬಂತು, ಅಂತರ್ಜಾಲವಿಲ್ಲದೆ ಕನ್ನಡದಲ್ಲೂ ಕೆಲಸ ಮಾಡುತ್ತದೆ. 2022ರ ಮಾರ್ಚ್‌ನಿಂದ ಕೀಪ್ಯಾಡ್ ಫೋನಿನವರಿಗೆ ಯುಪಿಐ 123ಪೇ ಕೂಡ ಇದೆ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ತೋರಿಸಿದ್ದೀರಾ?

ನಮ್ಮ ಭಾಷೆಗೆ ಎಷ್ಟು ಜಾಗ?

ಭಾಷಾ ಶಿಕ್ಷಕನಾಗಿ ನನಗೆ ಹೆಚ್ಚು ತಟ್ಟಿದ ವಿಷಯ ಇದು. ಒಂದು ಎಸ್‌ಎಂಎಸ್ ಎಂದರೆ 140 ಬೈಟು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಆದ್ದರಿಂದ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ, ಉರ್ದುವಿಗೆ ಯುನಿಕೋಡ್ ಬಳಸಿದರೆ ಪ್ರತಿ ಚಿಹ್ನೆಗೆ 16 ಬಿಟ್ ಬೇಕು. ಆಗ ಹಿಡಿಸುವುದು 70 ಮಾತ್ರ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 'ವಿದ್ಯಾರ್ಥಿವೇತನ' ಎಂದು ಬರೆದು ನೋಡಿ. ಕಣ್ಣಿಗೆ ಆರು ಅಕ್ಷರ, ಯಂತ್ರಕ್ಕೆ 14 ಚಿಹ್ನೆ. ಆ ಒಂದು ಪದವನ್ನು ಖಾಲಿ ಜಾಗ ಬಿಡದೆ ಐದು ಸಲ ಬರೆದರೆ ಸಂದೇಶ ಮುಗಿಯಿತು! ಅದಕ್ಕಿಂತ ಹೆಚ್ಚಾದರೆ ಎರಡು ಸಂದೇಶದ ಲೆಕ್ಕ. ಸಾವಿರಾರು ಜನಕ್ಕೆ ಸಂದೇಶ ಕಳಿಸುವ ಸಂಸ್ಥೆ ಖರ್ಚು ನೋಡಿ ಇಂಗ್ಲಿಷನ್ನೇ ಆರಿಸಿಕೊಂಡರೆ ಆಶ್ಚರ್ಯವೇನು?

ಇದಕ್ಕೆ ಪರಿಹಾರ ಇಲ್ಲವೇ? ಇದೆ. 3ಜಿಪಿಪಿಯ ನಿಯಮಾವಳಿಯಲ್ಲಿ ರಾಷ್ಟ್ರೀಯ ಭಾಷೆಗಳಿಗಾಗಿ ಪ್ರತ್ಯೇಕ ಅಕ್ಷರ ಪಟ್ಟಿಗಳಿವೆ. ಭಾರತದ ಹತ್ತು ಭಾಷೆಗಳು ಅದರಲ್ಲಿವೆ, ಕನ್ನಡವೂ ಇದೆ, ಉರ್ದುವೂ ಇದೆ. ಸಂದೇಶದ ತಲೆಯಲ್ಲಿ "ಇದು ಕನ್ನಡ ಪಟ್ಟಿ" ಎಂದು ನಾಲ್ಕು ಬೈಟಿನಲ್ಲಿ ಸೂಚಿಸಿದರೆ ಉಳಿದ ಜಾಗದಲ್ಲಿ 155 ಚಿಹ್ನೆ ಹಿಡಿಸುತ್ತದೆ. 70 ಎಲ್ಲಿ, 155 ಎಲ್ಲಿ! ಆದರೆ ಕಳಿಸುವ ಯಂತ್ರವೂ ಪಡೆಯುವ ಫೋನೂ ಎರಡೂ ಆ ಪಟ್ಟಿಯನ್ನು ಬಲ್ಲದ್ದಾಗಿರಬೇಕು. ಒಂದಕ್ಕೆ ಗೊತ್ತಿದ್ದು ಇನ್ನೊಂದಕ್ಕೆ ಗೊತ್ತಿರದಿದ್ದರೆ ಓದಲಾಗದ ಅಕ್ಷರಗಳು ಬರುತ್ತವೆ. ಬಾಗಿಲು ಇದ್ದರೆ ಸಾಲದು, ಎರಡೂ ಕಡೆಯಿಂದ ತೆರೆಯುವವರು ಬೇಕು.

ಇನ್ನೂ ಒಂದು ಸಂಗತಿ. ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಸಂಸ್ಥೆಗಳು ಜನರಿಗೆ ಕಳಿಸುವ ವಾಣಿಜ್ಯ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ಅಂದರೆ ನಿಮ್ಮ ತಾಯಿಗೆ ಬರುವ ಪ್ರತಿ ಒಟಿಪಿಯ ಒಕ್ಕಣೆಯನ್ನು ಯಾರೋ ಕುಳಿತು ಬರೆದಿರುತ್ತಾರೆ. ಅದನ್ನು ಸರಳ ಕನ್ನಡದಲ್ಲಿ, ಸರಳ ಉರ್ದುವಿನಲ್ಲಿ ಬರೆಯಬಲ್ಲವರು ಆ ಜಾಗದಲ್ಲಿದ್ದರೆ ತಾಯಿ ತಾನೇ ಓದಿಕೊಳ್ಳುತ್ತಾಳೆ. ಇಲ್ಲದಿದ್ದರೆ ಫೋನು ಹಿಡಿದು ಪಕ್ಕದ ಅಂಗಡಿಗೆ ಹೋಗುತ್ತಾಳೆ. ಒಟಿಪಿ ಯಾರಿಗೂ ತೋರಿಸಬೇಡ ಎಂಬ ಸಂದೇಶವನ್ನೇ ಇನ್ನೊಬ್ಬರಿಗೆ ತೋರಿಸಿ ಓದಿಸಿಕೊಳ್ಳುವ ಸ್ಥಿತಿ ಅವಳದು. ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

5ಜಿ ಮತ್ತು ತೆರೆದ ಬಾಗಿಲು

ಭಾರತದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ದೊರೆಯಿತು. 5ಜಿ ಎಂದರೆ ವೇಗ ಎಂದಷ್ಟೇ ಜಾಹೀರಾತು ಹೇಳುತ್ತದೆ. ನಿಜವಾದ ಬದಲಾವಣೆ ಒಳಗೆ ಆಗಿದೆ. 2018ರ ನಿಯಮಾವಳಿಯಂತೆ 5ಜಿಯ ಕೇಂದ್ರ ಜಾಲವನ್ನು ಸೇವೆಗಳ ಗುಂಪಾಗಿಯೇ ಕಟ್ಟಲಾಗಿದೆ. ಅದರ ಘಟಕಗಳು ಅಂತರ್ಜಾಲದ ಭಾಷೆಯಲ್ಲೇ ಪರಸ್ಪರ ಮಾತನಾಡುತ್ತವೆ. ಜಾಲದೊಳಗಿನ ಸಾಮರ್ಥ್ಯವನ್ನು ಹೊರಗಿನವರಿಗೆ ಎಷ್ಟು ಬೇಕೋ ಅಷ್ಟೇ ತೆರೆದು ಕೊಡಲು 'ಎನ್‌ಇಎಫ್' ಎಂಬ ಪ್ರತ್ಯೇಕ ಘಟಕವಿದೆ. ಬಾಗಿಲೂ ಅದೇ, ಬಾಗಿಲು ಕಾಯುವವನೂ ಅದೇ.

2023ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಸಂಘಟನೆಯಾದ ಜಿಎಸ್‌ಎಂಎ 'ಓಪನ್ ಗೇಟ್‌ವೇ' ಎಂಬ ಯೋಜನೆಯನ್ನು ಪ್ರಕಟಿಸಿತು. ಯಾವ ಕಂಪನಿಯ ಜಾಲವಾದರೂ ಒಂದೇ ಎಪಿಐ ಸಾಕು ಎಂಬುದು ಅದರ ಉದ್ದೇಶ. ಆ ಎಪಿಐಗಳನ್ನು 'ಕಮಾರಾ' ಎಂಬ ಮುಕ್ತ ತಂತ್ರಾಂಶ ಯೋಜನೆಯಲ್ಲಿ ಬರೆಯುತ್ತಿದ್ದಾರೆ. ಅದರಲ್ಲಿ ಒಂದು ಪ್ರಶ್ನೆ: "ಇತ್ತೀಚೆಗೆ ಈ ಸಂಖ್ಯೆಯ ಸಿಮ್ ಬದಲಾಗಿದೆಯೇ?" ಬ್ಯಾಂಕ್ ವಂಚನೆ ತಡೆಯಲು ಇದು ನೆರವಾಗುತ್ತದೆ. ಇನ್ನೊಂದು ಪ್ರಶ್ನೆ: "ಈ ದಿನಾಂಕದ ನಂತರ ಈ ಸಂಖ್ಯೆ ಬೇರೊಬ್ಬ ಚಂದಾದಾರರಿಗೆ ಹೋಗಿದೆಯೇ?" ಉತ್ತರ, ಹೌದು ಅಥವಾ ಇಲ್ಲ.

ಇದನ್ನು ಓದಿದಾಗ ನನ್ನ ಮುಂದೆ ಆ ಹುಡುಗಿಯ ಮುಖ ಬಂತು. ನಮ್ಮ ದೇಶದಲ್ಲಿ ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ತಿಳಿದುಬಂತು. 90 ದಿನ ಎಂದರೆ ಮೂರು ತಿಂಗಳು. ವಿದ್ಯಾರ್ಥಿವೇತನ ವರ್ಷಕ್ಕೊಮ್ಮೆ. ಆ ಅರ್ಜಿಯ ತಂತ್ರಾಂಶ ಜಾಲವನ್ನು ಒಂದು ಮಾತು ಕೇಳಿದ್ದರೆ, "ಈ ಸಂಖ್ಯೆ ಈಗ ಇವಳ ತಂದೆಯದಲ್ಲ" ಎಂದು ಗೊತ್ತಾಗುತ್ತಿತ್ತು. ಆದರೆ ಗೊತ್ತಾದರೆ ಮಾತ್ರ ಸಾಕೇ? ಸಾಲದು. "ಹಾಗಾದರೆ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಸಂಖ್ಯೆ ಬದಲಾಯಿಸಬಹುದು" ಎಂಬ ಇನ್ನೊಂದು ದಾರಿಯನ್ನು ಯಾರಾದರೂ ಮೊದಲೇ ಬರೆದಿಡಬೇಕಿತ್ತು. ತಂತ್ರಜ್ಞಾನ ಪ್ರಶ್ನೆ ಕೇಳುವ ಸೌಲಭ್ಯ ಕೊಡುತ್ತದೆ. ಯಾವ ಪ್ರಶ್ನೆ ಕೇಳಬೇಕು ಎಂದು ತೀರ್ಮಾನಿಸುವವರು ಮನುಷ್ಯರೇ. ಗಾರೆ ಕೆಲಸದವರ ಮನೆಯನ್ನು ಕಂಡವರು ಆ ಕೋಣೆಯಲ್ಲಿ ಇರಲಿಲ್ಲ. ಆ ತಾಯಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ.

ತೆರೆದ ಬಾಗಿಲಿಗೆ ಅಪಾಯವೂ ಇದೆ. ನೀವು ಎಲ್ಲಿದ್ದೀರಿ ಎಂದು ಹೇಳಬಲ್ಲ ಎಪಿಐ ಇದೆ ಎಂದರೆ ಅದನ್ನು ಯಾರು ಕೇಳಬಹುದು, ನಿಮ್ಮ ಒಪ್ಪಿಗೆ ಪಡೆದರೇ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. 'ಒಪ್ಪುತ್ತೇನೆ' ಎಂಬ ಗುಂಡಿಯನ್ನು ಓದದೆ ಒತ್ತುವುದನ್ನು ಇಂದಿನಿಂದ ಬಿಡಿ.

ನೀವು ಮಾಡಬೇಕಾದದ್ದು

ಮೊದಲು ಮನೆಯ ಕೆಲಸ. ಇಂದು ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿ, ವಿದ್ಯಾರ್ಥಿವೇತನ, ಇವುಗಳಿಗೆ ಯಾವ ಯಾವ ಮೊಬೈಲ್ ಸಂಖ್ಯೆ ಕೊಟ್ಟಿದ್ದೀರಿ ಎಂದು ಬರೆಯಿರಿ. ಆ ಸಂಖ್ಯೆ ಈಗ ನಿಮ್ಮ ಮನೆಯಲ್ಲಿದೆಯೇ ನೋಡಿ. ಸೈಬರ್ ಅಂಗಡಿಯವರ ಸಂಖ್ಯೆ ಕೊಟ್ಟಿದ್ದರೆ ಬೇಗ ಬದಲಾಯಿಸಿಕೊಳ್ಳಿ. ಕಂಪನಿ ಇಷ್ಟವಾಗದಿದ್ದರೆ ಸಂಖ್ಯೆಯನ್ನು ಬಿಡಬೇಡಿ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿಯಿಂದ ದೇಶದ ಎಲ್ಲೆಡೆ ಇದೆ. ಸಂಖ್ಯೆ ಬಿಡಲೇಬೇಕಾದರೆ, ಅದು ಚಾಲ್ತಿಯಲ್ಲಿರುವಾಗಲೇ ಎಲ್ಲ ಕಡೆ ಹೊಸದನ್ನು ಬರೆಸಿ.

ಎರಡನೆಯದು ಓದಿನ ಮಾತು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು, ಡಿಪ್ಲೊಮಾ ಮಾಡುತ್ತಿರುವವರು ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಎರಡರ ಗಡಿಯಲ್ಲಿರುವ ಈ ಕ್ಷೇತ್ರವನ್ನು ಗಮನಿಸಿ. ನೋಕಿಯಾ, ಎರಿಕ್ಸನ್ ಮುಂತಾದ ಜಾಲ ನಿರ್ಮಾಣ ಕಂಪನಿಗಳ ಸಂಶೋಧನಾ ಕೇಂದ್ರಗಳು ನಮ್ಮ ಬೆಂಗಳೂರಿನಲ್ಲೇ ಇವೆ. 3ಜಿಪಿಪಿಯ ನಿಯಮಾವಳಿಗಳೂ ಕಮಾರಾದ ಕಡತಗಳೂ ಯಾರು ಬೇಕಾದರೂ ಓದುವಂತೆ ಉಚಿತವಾಗಿವೆ. ಅರ್ಥವಾಗಲು ಸಮಯ ಹಿಡಿಯುತ್ತದೆ, ನನಗೂ ಹಿಡಿಯಿತು. ಆದರೆ ಬಾಗಿಲಿಗೆ ಬೀಗವಿಲ್ಲ.

ಕಲಾ ವಿಭಾಗದವರು, ಭಾಷೆ ಓದುವವರು ಬೇಸರಪಡಬೇಡಿ. ನೀವು ಎರಡು ಭಾಷೆಯ ಮನೆಯಲ್ಲಿ ಬೆಳೆದವರು. ಒಂದು ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಏನು ಬಿದ್ದುಹೋಗುತ್ತದೆ ಎಂದು ನಿಮಗೆ ಗೊತ್ತು. ಆ ತಿಳಿವಳಿಕೆ ಪುಸ್ತಕದಿಂದ ಬರುವುದಿಲ್ಲ. ಸೇವೆ ರೂಪಿಸುವವರ ನಡುವೆ ಅಂತಹವರು ಬೇಕಾಗಿದ್ದಾರೆ.

ನಮ್ಮ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಮರು ವರ್ಷ ಅವಳಿಗಾಗಿ ಹೊಸ ಅರ್ಜಿ ಹಾಕಿದೆವು. ಅದರಲ್ಲಿ ತಾಯಿಯ ಹೆಸರಿನಲ್ಲೇ ಇರುವ ಸಂಖ್ಯೆ ಕೊಟ್ಟೆವು, ಹಣ ಬಂತು. ಆದರೆ ಹೋದ ವರ್ಷದ ಹಣ ಹೋದದ್ದೇ. ಈಗ ಅವಳು ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಾಳೆ. ಮೊನ್ನೆ ಸಿಕ್ಕಾಗ, "ಸಾರ್, ಆ ಅರ್ಜಿಯ ಪ್ರೋಗ್ರಾಂ ನಾನು ಬರೆದಿದ್ದರೆ ಹಳೇ ನಂಬರ್ ಇಲ್ಲ ಅನ್ನೋಕೆ ಒಂದು ಬಟನ್ ಇಡ್ತಿದ್ದೆ" ಎಂದಳು.

ಮಕ್ಕಳೇ, ಆ ಬಟನ್ ಇಡುವ ಜಾಗವೇ ಮಿಡಲ್‌ವೇರ್. ಅಲ್ಲಿಗೆ ನಿಮ್ಮಲ್ಲಿ ಕೆಲವರಾದರೂ ತಲುಪಬೇಕು. ನಿಮ್ಮ ಮನೆಯ ಕಷ್ಟವನ್ನು ಮರೆಯದೆ ತಲುಪಬೇಕು.